ಜಿಂಕೆ ಮರಗಳ ಪಂಡಿತ

ಬೋರ್ಡ್ ಮಾಸ್ತರರ ಅಕ್ಷರ ನೋಡಿದ ಮೇಲೆ ಮಾಸ್ತರರನ್ನು ನೋಡುವ ಅಗತ್ಯವಿಲ್ಲ ಎಂದು ಊರಿನಲ್ಲಿ ಹೇಳುತ್ತಿದ್ದರು. ಅದು ಹೊಗಳಿಕೆಯೋ ತೆಗಳಿಕೆಯೋ ಎಂದು ಮಾಸ್ತರರು ವಿಚಾರಿಸಲು ಹೋಗಿರಲಿಲ್ಲ. ಔಷಧಿ ಅಂಗಡಿಯ ಹೆಸರು, ಹಲ್ಲಿನ ಡಾಕ್ಟರರ ಹೆಸರು, ‘ಇಲ್ಲಿ ವಾಹನ ನಿಲ್ಲಿಸಬಾರದು’, ‘ನಾಯಿ ಇದೆ ಎಚ್ಚರಿಕೆ’ ಎಂದು ಊರಿನ ಗೋಡೆ, ಗೇಟುಗಳ ಮೇಲೆ ಕಣ್ಣಿಗೆ ಬೀಳುವ ಅಕ್ಷರಗಳಲ್ಲಿ ಮುಕ್ಕಾಲು ಪಾಲು ಅವರ ಕೈಯಿಂದ ಇಳಿದವು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಅಕ್ಷರ ತಿದ್ದುವವರೆಲ್ಲ ಮಾಸ್ತರರೇ ಎಂಬ ನ್ಯಾಯದಿಂದ ಆ ಹೆಸರು ಅಂಟಿಕೊಂಡಿತ್ತು.

ಅವರಲ್ಲಿ ಇದ್ದದ್ದು ಒಂದೇ ದೌರ್ಬಲ್ಯ. ಯಾವ ಬೋರ್ಡು ಬರೆದರೆ ಆ ವಿದ್ಯೆ ಬ್ರಷ್ಷಿನ ತುದಿಯಿಂದ ಹಿಂದಕ್ಕೆ ಹತ್ತಿಕೊಂಡು ತಮ್ಮ ತಲೆಗೂ ಬಂದುಬಿಡುತ್ತದೆ ಎಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ಹಲ್ಲಿನ ಡಾಕ್ಟರರ ಬೋರ್ಡು ಬರೆದ ವಾರ ಬೀದಿಯ ನಾಲ್ವರ ಬಾಯಿ ತೆರೆಸಿ ನೋಡಿ, ಇಬ್ಬರಿಗೆ ಹಲ್ಲು ಕೀಳಿಸಲು ಸಲಹೆ ಕೊಟ್ಟಿದ್ದರು.

ಇಂಥ ಮಾಸ್ತರರಿಗೆ ಅರಣ್ಯ ಇಲಾಖೆಯ ಕೆಲಸ ಬಂದರೆ ಏನಾಗಬೇಕೋ ಅದೇ ಆಯಿತು.

ಕೆಲಸವೇನೋ ಸಣ್ಣದೇ. ಹಳದಿ ಬಣ್ಣ ಬಳಿದ ನಲವತ್ತೆರಡು ತಗಡಿನ ಫಲಕಗಳ ಮೇಲೆ ಕಪ್ಪು ಅಕ್ಷರದಲ್ಲಿ ಮರಗಳ ಹೆಸರು ಬರೆಯುವುದು. ನೆಲ್ಲಿ, ತಾರೆ, ಅತ್ತಿ, ಎಲಚಿ, ನೇರಳೆ. ಸೋಮವಾರ ಬೆಳಿಗ್ಗೆ ಮಾಸ್ತರರು ಫಲಕಗಳನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ರೇಂಜರ್ ಕಚೇರಿಗೆ ಹೋದರು. ರೇಂಜರ್ ಸಾಹೇಬರು ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ‘ಆಹಾ’ ಎಂದರು. ಆಮೇಲೆ ಫಲಕಗಳ ರಾಶಿಯ ಮೇಲೆ ಕೈಯಿಟ್ಟುಕೊಂಡು ನಿಟ್ಟುಸಿರುಬಿಟ್ಟರು.

“ಏನಾಯ್ತು ಸಾರ್? ಒತ್ತಕ್ಷರ ಸರಿ ಬಂದಿಲ್ವಾ?”

“ಅಕ್ಷರಕ್ಕೇನು ಮಾಸ್ತರೇ, ಮುತ್ತು. ಆದ್ರೆ ಇದನ್ನ ಕಟ್ಟೋರು ಯಾರು? ಮರ ಗುರುತು ಹಿಡಿಯೋ ನಮ್ಮ ಗಾರ್ಡು ಅಪೆಂಡಿಕ್ಸ್ ಅಂತ ಆಸ್ಪತ್ರೆ ಸೇರಿದಾನೆ. ಶನಿವಾರ ರಸ್ತೆ ಎಂಜಿನಿಯರು ಬರ್ತಾರೆ. ಊರಾಚೆ ಕಾಡಿನ ಗೇಟಿನವರೆಗೆ ರಸ್ತೆ ಅಗಲ ಮಾಡ್ತಾರಂತೆ, ಎಡಗಡೆ ಮರ ಅಷ್ಟೂ ಹೋಗತ್ತೆ. ನಾನು ಕೈಕಾಲು ಹಿಡಿದು ಒಪ್ಪಿಸಿದೀನಿ. ಜಿಂಕೆ ಹಣ್ಣು ತಿನ್ನೋಕೆ ಬರೋ ಮರಗಳನ್ನ ಮಾತ್ರ ಬಿಡ್ತೀವಿ ಅಂದಿದಾರೆ. ಹಳದಿ ಫಲಕ ಇದ್ರೆ ಮರ ಉಳಿಯತ್ತೆ, ಇಲ್ಲಾಂದ್ರೆ ಉರುಳತ್ತೆ.”

“ನಿಮಗೆ ಗೊತ್ತಾಗಲ್ವಾ ಸಾರ್?”

“ನಾನು ಬಂದು ಎರಡು ತಿಂಗಳು. ಅದಕ್ಕೆ ಮೊದಲು ಹನ್ನೊಂದು ವರ್ಷ ಇಲಾಖೆ ಲೆಕ್ಕಪತ್ರ ವಿಭಾಗದಲ್ಲಿದ್ದೆ. ಈಗ ನೋಡಿದ್ರೆ ಎಲೆ ಉದುರಿ ಎಲ್ಲ ಮರಾನೂ ಪೊರಕೆ ಥರ ಕಾಣತ್ತೆ.”

ಮಾಸ್ತರರು ‘ಬರ್ತೀನಿ ಸಾರ್’ ಎಂದು ಹೇಳಿ ಹೊರಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅಷ್ಟರಲ್ಲಿ ಮೂಲೆಯ ಮೇಜಿನಿಂದ ಗುಮಾಸ್ತ ತಲೆ ಎತ್ತದೆಯೇ ಅಂದ: “ಇವರನ್ನೇನು ಕೇಳ್ತೀರಿ ಸಾರ್? ಬರೆಯೋರಿಗೆ ಬರೆಯೋದಷ್ಟೇ ಗೊತ್ತು.”

ಮಾಸ್ತರರ ಕಿವಿ ಕೆಂಪಾಯಿತು.

“ಯಾರ್ರೀ ಹೇಳಿದ್ದು? ಒಂದೊಂದು ಹೆಸರನ್ನ ಎಂಟೆಂಟು ಸಲ ಬರೆದಿದೀನಿ ನಾನು. ನೆಲ್ಲಿ ಅಂದ್ರೆ ಏನು, ತಾರೆ ಅಂದ್ರೆ ಏನು ಅಂತ ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರತ್ತೆ? ಕೊಡಿ ಸಾರ್ ತಂತಿ. ನಾನೇ ಕಟ್ತೀನಿ.”

ರೇಂಜರ್ ಎದ್ದು ನಿಂತು ಅವರ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣಿನಲ್ಲಿ ನೀರು ತುಂಬಿದ್ದನ್ನು ಕಂಡು ಮಾಸ್ತರರು ಒಂದು ಕ್ಷಣ ಬಾಗಿಲ ಕಡೆ ನೋಡಿದರು. ಆದರೆ ತಂತಿಯ ಸುರುಳಿ ಆಗಲೇ ಹೆಗಲ ಮೇಲಿತ್ತು.

ಮಂಗಳವಾರ, ಬುಧವಾರ ಮಾಸ್ತರರು ಫಲಕ ಕಟ್ಟಿದರು. ಹೇಗೆ ಕಟ್ಟಿದರು ಎಂಬುದನ್ನು ಹೇಳಲೇಬೇಕು. ಅದರಲ್ಲಿ ಒಂದು ಶಾಸ್ತ್ರವಿತ್ತು. ಮರದ ಬಗ್ಗೆ ಅವರಿಗೆ ಏನೂ ತಿಳಿದಿರಲಿಲ್ಲ ನಿಜ, ಆದರೆ ಅಕ್ಷರ ಎಲ್ಲಿ ಒಪ್ಪುತ್ತದೆ ಎಂಬುದನ್ನು ಅವರಷ್ಟು ತಿಳಿದವರು ಯಾರೂ ಇರಲಿಲ್ಲ. ‘ನೆಲ್ಲಿ’ಗೆ ಒತ್ತಕ್ಷರವಿದೆ, ಆದ್ದರಿಂದ ಬುಡ ದಪ್ಪಗಿರುವ ಮರ ಬೇಕು. ‘ತಾರೆ’ ಎಂದರೆ ಆಕಾಶದ ವಿಷಯ, ಎತ್ತರದ ಮರಕ್ಕೇ ಸರಿ. ‘ನೇರಳೆ’ಯಲ್ಲಿ ‘ನೇರ’ ಎಂದು ಬರೆದೇ ಇದೆ. ನೆಟ್ಟಗೆ ನಿಂತ ನೀಲಗಿರಿ ಮರಗಳಿಗೆಲ್ಲ ಅದು ಹೋಯಿತು. ಕೊನೆಗೆ ಒಂದು ‘ತಾರೆ’ ಉಳಿದಾಗ ಅದನ್ನು ಹಳೆಯ ಮರದ ಟೆಲಿಫೋನ್ ಕಂಬಕ್ಕೆ ಕಟ್ಟಿದರು. ಅದೂ ಒಂದು ಕಾಲದಲ್ಲಿ ಮರವೇ ಆಗಿತ್ತಲ್ಲ.

ಬುಧವಾರ ಸಂಜೆಯ ಹೊತ್ತಿಗೆ ಸುದ್ದಿ ಬೀದಿ ತುಂಬ ಹಬ್ಬಿತ್ತು. ಅರಣ್ಯ ಇಲಾಖೆಗೇ ಗೊತ್ತಿಲ್ಲದ್ದು ನಮ್ಮ ಮಾಸ್ತರರಿಗೆ ಗೊತ್ತಂತೆ! ಟೈಲರು ತನ್ನ ಹಿತ್ತಲಿನ ಗಿಡ ತೋರಿಸಲು ಕರೆದುಕೊಂಡು ಹೋದ. ಪಶುವೈದ್ಯರ ಕಾಂಪೌಂಡರು ಒಂದು ತೊಗಟೆ ತಂದು ಮೂಸಿ ಎಂದ. ಮಾಸ್ತರರು ಮೂಸಿದರು, ಕಣ್ಣು ಮುಚ್ಚಿದರು, “ಹೂಂ” ಎಂದರು. ಆ ‘ಹೂಂ’ನಲ್ಲಿ ಎಷ್ಟು ಆಳವಿತ್ತೆಂದರೆ ಮುಂದೆ ಪ್ರಶ್ನೆ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಗುರುವಾರ ಎದುರು ಮನೆಯ ಹೆಡ್ ಮಿಸ್ ಬಂದರು. ಹುಡುಗಿಯರ ಶಾಲೆಯ ಮುಖ್ಯೋಪಾಧ್ಯಾಯಿನಿ, ಪೇಟೆಯಲ್ಲೇ ಹುಟ್ಟಿ ಬೆಳೆದವರು, ತಪ್ಪನ್ನು ಹತ್ತು ಗಜದಿಂದ ಹಿಡಿಯುವವರು. ಕೈಯಲ್ಲಿ ಒಂದು ಚೀಲ ತುಂಬ ಕಂದು ಬಣ್ಣದ, ಸುಕ್ಕುಗಟ್ಟಿದ, ಕೈಗೆ ಅಂಟುವ ಕಾಯಿಗಳು.

“ಮಾಸ್ತರೇ, ನಮ್ಮ ಶಾಲೆ ಹಿಂದುಗಡೆ ಮರದ ಕೆಳಗೆ ರಾಶಿ ಬಿದ್ದಿತ್ತು. ಇದೇನು?”

ಮಾಸ್ತರರು ಒಂದನ್ನು ಎತ್ತಿ ಬೆರಳಲ್ಲಿ ಹೊರಳಿಸಿದರು. ಎಲ್ಲೋ ನೋಡಿದ ಹಾಗಿತ್ತು. ಒಣಹಣ್ಣಿನ ಅಂಗಡಿಯ ಬೋರ್ಡು ನೆನಪಾಯಿತು.

“ಕಾಡು ಖರ್ಜೂರ,” ಎಂದರು. “ಜಿಂಕೆಗೆ ಪ್ರಾಣ.”

“ಮನುಷ್ಯರು ತಿನ್ನಬಹುದಾ?”

“ಜಿಂಕೆ ತಿಂದದ್ದನ್ನ ಮನುಷ್ಯ ಯಾಕೆ ತಿನ್ನಬಾರದು ಮಿಸ್?”

ಹೆಡ್ ಮಿಸ್ ಸಂತೋಷದಿಂದ ಹೋದರು. ಶಾಲೆಯಲ್ಲಿ ಬಹುಮಾನ ವಿತರಣೆ ಇತ್ತು, ಬಂದವರಿಗೆಲ್ಲ ಬ್ರೆಡ್ಡಿಗೆ ಹಚ್ಚಿ ಕೊಡಲು ಜಾಮ್ ಮಾಡುವ ಯೋಚನೆ ಅವರದು.

ಶುಕ್ರವಾರ ಬೆಳಿಗ್ಗೆ ಏಳು ಗಂಟೆಗೆ ಎದುರು ಮನೆಯ ಬಾಗಿಲು ಧಡಾರನೆ ತೆರೆದುಕೊಂಡಿತು. ಮೊದಲು ಹೊರಗೆ ಬಂದದ್ದು ಹೆಡ್ ಮಿಸ್ ಅಲ್ಲ, ನೊರೆ. ಹೊಸ್ತಿಲು ದಾಟಿ, ಮೆಟ್ಟಿಲು ಇಳಿದು, ಚರಂಡಿಯ ಕಡೆಗೆ ಯಾವ ಅವಸರವೂ ಇಲ್ಲದೆ ಬೆಳ್ಳಗೆ ನಡೆದು ಬಂತು. ಅದರ ಹಿಂದೆ ಮೊಣಕೈವರೆಗೆ ನೊರೆ ಮೆತ್ತಿಕೊಂಡು, ಕನ್ನಡಕದ ಮೇಲೂ ನೊರೆ ಏರಿಸಿಕೊಂಡು ಹೆಡ್ ಮಿಸ್ ಬಂದರು. ಒಳಗಿನಿಂದ ಅವರ ಯಜಮಾನರು ಜಾರಿ ಬಿದ್ದ ಸದ್ದು, ಎದ್ದ ಸದ್ದು, ಮತ್ತೆ ಜಾರಿ ಬಿದ್ದ ಸದ್ದು ಕೇಳಿಸಿತು.

“ಮಾಸ್ತರೇ! ನಿಮ್ಮ ಖರ್ಜೂರ ಕುದೀತಾ ಕುದೀತಾ ಬೀದಿಗೆ ಬಂದಿದೆ! ತಡೀರಿ ಇದನ್ನ!”

ಮಾಸ್ತರರು ಬಾಗಿಲಿಗೆ ಬಂದು ನಿಂತರು. ಅವರ ಬೆನ್ನ ಹಿಂದೆ ಯಾರೋ ನಕ್ಕರು. ಸಣ್ಣ ನಗುವಲ್ಲ, ಹೊಟ್ಟೆಯಿಂದ ಎದ್ದು ಭುಜ ಕುಣಿಸುವ ನಗು. ಮಾಸ್ತರರು ತಿರುಗಿದರು. ನಕ್ಕವರು ಅವರ ಅತ್ತೆ.

ಅತ್ತೆ ಈ ಮನೆಗೆ, ಮಗಳ ಜೊತೆ ಇರಲು, ಬಂದು ಮೂರು ವರ್ಷವಾಗಿತ್ತು. ಈ ಮೂರು ವರ್ಷದಲ್ಲಿ ಅಳಿಯ ಅವರನ್ನು ಕೇಳಿದ್ದು ಒಂದೇ ಮಾತು: “ಊಟ ಆಯ್ತಾ ಅತ್ತೆ?” ಅವರು ಹೇಳಿದ್ದೂ ಒಂದೇ ಮಾತು: “ಆಯ್ತು ಅಳಿಯಂದಿರೇ.” ಇಷ್ಟರಲ್ಲೇ ಸಂಬಂಧ ಸುಗಮವಾಗಿ ನಡೆದಿತ್ತು.

“ಅದು ಅಂಟುವಾಳ ಅಳಿಯಂದಿರೇ,” ಎಂದರು ಅತ್ತೆ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ. “ಸೋಪಿನ ಕಾಯಿ. ನಿಮ್ಮ ಹೆಂಡ್ತಿ ತಲೆ ತೊಳ್ದು ಬೆಳೆಸಿದ್ದೇ ಅದರಲ್ಲಿ. ಖರ್ಜೂರ ಅಂದ್ರಾ ಅದನ್ನ?”

“ನಿಮಗೆ ಹೇಗೆ ಗೊತ್ತು?”

“ಮದುವೆಗೆ ಮುಂಚಿನಿಂದ ಮೂವತ್ತು ವರ್ಷ ಕಾಡಿನ ಕಾಯಿ ಆರಿಸಿ ಮಂಡಿಗೆ ಹಾಕ್ತಿದ್ದೆ. ನೆಲ್ಲಿ, ತಾರೆ, ಅಂಟುವಾಳ, ಎಲ್ಲ.”

ಮಾಸ್ತರರ ಹೆಂಡತಿ ಅಡುಗೆಮನೆಯಿಂದಲೇ ಕೂಗಿದರು: “ನಾನು ಎಷ್ಟು ಸಲ ಹೇಳಿದೀನಿ ನಿಮಗೆ! ನೀವು ಕೇಳಿಸಿಕೊಂಡಿದ್ರೆ ತಾನೇ!”

“ಅತ್ತೆ, ನಾನು ನಾಲ್ಕು ದಿನದಿಂದ ಮರ ಮರ ಅಂತ ಒದ್ದಾಡ್ತಿದೀನಿ. ಒಂದು ಮಾತು ಹೇಳಬಾರದಿತ್ತಾ?”

“ನೀವು ಊಟ ಆಯ್ತಾ ಅಂತ ಕೇಳಿದ್ರಿ, ಆಯ್ತು ಅಂದೆ. ಮರ ಕೇಳ್ಲಿಲ್ಲ.”

ಮಾಸ್ತರರು ಮೆಟ್ಟಿಲ ಮೇಲೆ ಕುಸಿದು ಕುಳಿತರು. ನೊರೆ ಅವರ ಚಪ್ಪಲಿ ತೊಳೆದುಕೊಂಡು ಮುಂದೆ ಹೋಯಿತು. ನಲವತ್ತೆರಡು ಫಲಕಗಳು ಕಣ್ಣ ಮುಂದೆ ಬಂದವು. ನಾಳೆ ಎಂಜಿನಿಯರು ಬರುತ್ತಾರೆ. ನೀಲಗಿರಿ ಉಳಿಯುತ್ತದೆ, ಟೆಲಿಫೋನ್ ಕಂಬ ಉಳಿಯುತ್ತದೆ, ಜಿಂಕೆಯ ಮರ ನೆಲಕ್ಕೆ ಬೀಳುತ್ತದೆ. ರೇಂಜರ್ ಸಾಹೇಬರ ಒದ್ದೆ ಕಣ್ಣೂ ನೆನಪಾಯಿತು.

“ಅತ್ತೆ,” ಎಂದರು. “ನನ್ನ ಜೊತೆ ಬರ್ತೀರಾ?”

ಅತ್ತೆ ಆಗಲೇ ಚಪ್ಪಲಿ ಮೆಟ್ಟಿದ್ದರು.

ಸೈಕಲ್ಲಿನ ಹಿಂದೆ ಅತ್ತೆ, ಅತ್ತೆಯ ತೊಡೆಯ ಮೇಲೆ ಒಂದು ಮಡಚುವ ಸ್ಟೂಲು, ಹ್ಯಾಂಡಲಿಗೆ ಇಕ್ಕಳ ಮತ್ತು ತಂತಿ. ಊರಾಚೆ ಮೊದಲನೆಯ ಫಲಕದ ಹತ್ತಿರ ಇಳಿದಾಗ ಅತ್ತೆ ‘ನೆಲ್ಲಿ’ ಎಂದು ಬರೆದದ್ದನ್ನು ಓದಿದರು, ಮರ ನೋಡಿದರು, ಅಳಿಯನನ್ನು ನೋಡಿದರು.

“ಅಕ್ಷರ ಚೆನ್ನಾಗಿದೆ,” ಎಂದರು.

ಟೆಲಿಫೋನ್ ಕಂಬದ ಹತ್ತಿರ ಬಂದಾಗ ಅವರು ಸ್ಟೂಲು ಬಿಡಿಸಿ ಕುಳಿತು ಐದು ನಿಮಿಷ ನಕ್ಕರು.

ಆಮೇಲೆ ಶುರುವಾಯಿತು ನಿಜವಾದ ಕೆಲಸ. ಮಾಸ್ತರರು ಆ ದಿನ ನೋಡಿದ್ದನ್ನು ಜನ್ಮದಲ್ಲಿ ನೋಡಿರಲಿಲ್ಲ. ಅತ್ತೆ ಮರದ ತಲೆ ನೋಡುತ್ತಲೇ ಇರಲಿಲ್ಲ, ಬುಡ ನೋಡುತ್ತಿದ್ದರು. ಬಗ್ಗಿ ತರಗೆಲೆ ಸರಿಸಿ, ಬೆರಳಲ್ಲಿ ಪುಡಿ ಮಾಡಿ ಮೂಸುತ್ತಿದ್ದರು. ತೊಗಟೆಗೆ ಅಂಗೈ ಒತ್ತಿ ಹಿಡಿಯುತ್ತಿದ್ದರು, ಜ್ವರ ನೋಡುವವರ ಹಾಗೆ.

“ಇದು ನೆಲ್ಲಿ. ನೋಡಿ, ಎಲೆ ಉದುರಿ ಹೊಟ್ಟಿನ ಥರ ಬಿದ್ದಿದೆ. ತೊಗಟೆ ಚಕ್ಕೆ ಚಕ್ಕೆಯಾಗಿ ಏಳ್ತಿದೆ. ಅದು ಅತ್ತಿ, ಮೈ ಮೇಲೆಲ್ಲ ಗಂಟು. ಹಣ್ಣು ಕೊಂಬೇಲಲ್ಲ, ಕಾಂಡದಲ್ಲೇ ಬಿಡತ್ತೆ ಅದಕ್ಕೆ. ಮುಟ್ಟಬೇಡಿ ಅಳಿಯಂದಿರೇ, ಅದು ಎಲಚಿ! ಮುಳ್ಳು ಜೋಡಿ ಇರತ್ತೆ. ಒಂದು ನೆಟ್ಟಗೆ, ಇನ್ನೊಂದು ಕೊಕ್ಕೆ.”

“ಗೊತ್ತಾಯ್ತು,” ಎಂದರು ಮಾಸ್ತರರು, ಕೊಕ್ಕೆಯಿಂದ ಅಂಗಿ ಬಿಡಿಸಿಕೊಳ್ಳುತ್ತ.

“ಮರ ಗುರುತು ಹಿಡಿದ್ರೆ ಅರ್ಧ ಕೆಲಸ. ಜಿಂಕೆ ಬರೋ ಮರ ಯಾವುದು ಅಂತ ಜಿಂಕೇನೇ ಹೇಳಬೇಕು.” ಅತ್ತೆ ರಸ್ತೆ ಬಿಟ್ಟು ಪೊದೆಗಳ ಹಿಂದೆ ನಡೆದರು. ಅಲ್ಲಿ ನೆರಳಿನಲ್ಲಿ ಹುಲ್ಲು ಮಲಗಿತ್ತು. ಅದರ ನಡುವೆ, ಯಾರೋ ತೊಳೆದು ಗುಡ್ಡೆ ಹಾಕಿದ ಹಾಗೆ, ಬೀಜಗಳು. “ಜಿಂಕೆಗೆ ನನ್ನ ಹಾಗೇ ಮುಂದಿನ ಮೇಲು ಹಲ್ಲಿಲ್ಲ. ತರಗೆಲೆ ಮೇಲೆ ಉದುರಿದ ಹಣ್ಣನ್ನ ಹಾಗೇ ನುಂಗತ್ತೆ. ಆಮೇಲೆ ಇಲ್ಲಿ ಬಂದು ಮಲಗಿ ಮೆಲುಕು ಹಾಕೋವಾಗ ಬೀಜ ಮಾತ್ರ ಉಗುಳತ್ತೆ. ಅಂಗಳ ನೋಡಿದ್ರೆ ಏನು ಉಂಡಿದಾವೆ ಅಂತ ಗೊತ್ತಾಗತ್ತೆ. ಈ ಮೈಮೇಲೆ ಏಣು ಎದ್ದಿರೋದು ನೆಲ್ಲಿ. ಈ ಉದ್ದಂದು ತಾರೆ. ಉಗುಳಿದ ಬೀಜ ಬೇಗ ಮೊಳೆಯತ್ತೆ. ಈ ಮರಗಳನ್ನ ಯಾರು ನೆಟ್ರು ಅಂದ್ಕೊಂಡ್ರಿ?”

ಮಾಸ್ತರರು ಒಂದು ಬೀಜ ಎತ್ತಿ ಅಂಗೈಯಲ್ಲಿಟ್ಟುಕೊಂಡರು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಇದು ಅವರ ಮಟ್ಟಿಗೆ ಎಂಥ ಘಟನೆ ಎಂಬುದನ್ನು ಅವರ ಹೆಂಡತಿ ಇದ್ದಿದ್ದರೆ ವಿವರಿಸುತ್ತಿದ್ದರು.

ಸಂಜೆಯ ಹೊತ್ತಿಗೆ ಲೆಕ್ಕ ಹೀಗಿತ್ತು: ಮಾಸ್ತರರು ಕಟ್ಟಿದ ನಲವತ್ತೆರಡರಲ್ಲಿ ಸರಿಯಾಗಿದ್ದದ್ದು ಒಂದು, ಅದೂ ತಲೆಕೆಳಗಾಗಿ ಕಟ್ಟಿದ್ದು. ಜಿಂಕೆ ಬರುವ ಮರಗಳು ಮಾತ್ರ ಅರವತ್ತೇಳು. ಇನ್ನೂ ಇಪ್ಪತ್ತೈದು ಫಲಕ ಬೇಕಿತ್ತು. ಮನೆಗೆ ಬಂದು ಮಾಸ್ತರರು ಹೆಂಡತಿಯ ಡಬ್ಬಿಗಳ ಮುಚ್ಚಳ, ಬಿಸ್ಕತ್ತಿನ ತಗಡು, ಎದುರು ಮನೆಯ ಟ್ರೇ, ಎಲ್ಲದಕ್ಕೂ ಹಳದಿ ಬಳಿದರು. ಟ್ರೇ ಕೊಟ್ಟವರು ಹೆಡ್ ಮಿಸ್ಸೇ. ಅವರ ಕೋಪ ಮಧ್ಯಾಹ್ನದ ಹೊತ್ತಿಗೆ ಇಳಿದಿತ್ತು. “ಹದಿನೈದು ವರ್ಷದಲ್ಲಿ ನಮ್ಮ ಅಡುಗೆಮನೆ ಇಷ್ಟು ಹೊಳೆದಿರಲಿಲ್ಲ ಮಾಸ್ತರೇ,” ಎಂದರು. “ಬೇಕು ಅಂತಲೇ ಮಾಡಿದ್ರಾ?” ಮಾಸ್ತರರು ‘ಹೂಂ’ ಎನ್ನಲು ಬಾಯಿ ತೆರೆದು, ಅತ್ತೆಯ ಮುಖ ನೋಡಿ, “ಇಲ್ಲ ಮಿಸ್, ತಪ್ಪಾಯ್ತು,” ಎಂದರು.

ಶನಿವಾರ ಒಂಬತ್ತಕ್ಕೆ ಎಂಜಿನಿಯರು ಬಂದರು. ಕಪ್ಪು ಕನ್ನಡಕ, ಕೈಯಲ್ಲಿ ನಕ್ಷೆ, ಯಾವುದನ್ನೂ ಒಂದೇ ಸಲಕ್ಕೆ ನಂಬದ ಮೂಗು. ಜೊತೆಗೆ ರೇಂಜರ್, ಗುಮಾಸ್ತ, ಮಾಸ್ತರರ ಪಾಂಡಿತ್ಯ ಕಣ್ಣಾರೆ ನೋಡಲು ಅರ್ಧ ಬೀದಿ. ಅತ್ತೆ ಸ್ವಲ್ಪ ದೂರದಲ್ಲಿ ಸ್ಟೂಲ್ ಹಾಕಿಕೊಂಡು ಕುಳಿತಿದ್ದರು.

ಎಂಜಿನಿಯರು ಮೊದಲ ಫಲಕ ತಿರುಗಿಸಿ ನೋಡಿದರು. “ಇದೇನ್ರೀ, ಹಿಂದುಗಡೆ ‘ಗರಿಗರಿ ಬಿಸ್ಕತ್ತು’ ಅಂತಿದೆ?”

“ಇಲಾಖೆ ಮಿತವ್ಯಯ ಸಾರ್,” ಎಂದರು ರೇಂಜರ್. ಅವರಿಗೂ ಅದು ಗೊತ್ತಾದದ್ದು ಆಗಷ್ಟೇ.

“ನಲವತ್ತೆರಡು ಅಂದಿದ್ರಿ, ಅರವತ್ತೇಳು ಹೇಗಾಯ್ತು? ನಾಲ್ಕು ದಿನದಲ್ಲಿ ಮರ ಮರಿ ಹಾಕ್ತಾ?” ಎಂಜಿನಿಯರು ಬೋಳು ಕೊಂಬೆಗಳನ್ನು ನೋಡಿದರು. “ಹಣ್ಣಿಲ್ಲ, ಎಲೆಯಿಲ್ಲ. ಇದನ್ನ ಜಿಂಕೆ ತಿನ್ನತ್ತೆ ಅಂತ ಏನು ಸಾಕ್ಷಿ? ಯಾರು ಗುರುತು ಹಿಡಿದಿದ್ದು?”

“ಇವರೇ ಸಾರ್, ನಮ್ಮ ಮಾಸ್ತರು!” ಎಂದು ಅರ್ಧ ಬೀದಿ ಒಂದೇ ಉಸಿರಿನಲ್ಲಿ ಕೂಗಿತು.

ಎಲ್ಲರ ಕಣ್ಣೂ ಮಾಸ್ತರರ ಮೇಲೆ ನೆಟ್ಟವು. ಇಂಥ ಗಳಿಗೆಗಾಗಿ ಅವರು ಇಪ್ಪತ್ತು ವರ್ಷ ಕಾದಿದ್ದರು. ಎದೆ ಉಬ್ಬಿಸಿ ಶುರು ಮಾಡಿದರು.

“ಸಾರ್, ಜಿಂಕೆಗೆ ಮೇಲುಗಡೆ ಬೀಜ ಇರಲ್ಲ. ಅದು ಹಲ್ಲನ್ನ ನುಂಗಿ, ನೆರಳಲ್ಲಿ ಮಲಗಿ, ಮರಾನ ಉಗುಳತ್ತೆ.”

ಎಂಜಿನಿಯರು ಪೆನ್ನು ತೆಗೆದು ನಕ್ಷೆಯ ಮೇಲೆ ಏನೋ ಗೀಚಲು ಬಗ್ಗಿದರು. ರೇಂಜರ್ ಸಾಹೇಬರ ಮುಖ ಬಿಳಿಚಿತು. ಮಾಸ್ತರರು ಆ ಪೆನ್ನನ್ನು ನೋಡಿದರು, ಅದರ ಕೆಳಗೆ ಅರವತ್ತೇಳು ಮರಗಳು ಇದ್ದ ಹಾಗೆ ಕಂಡಿತು.

“ಸಾರ್, ನಿಲ್ಲಿ. ನನಗೆ ಗೊತ್ತಿಲ್ಲ.”

ಇದು ಅವರ ಬಾಯಿಂದ ಹೊರಟ ಮಾತೆಂದು ಬೀದಿಯವರಿಗೆ ನಂಬಿಕೆಯಾಗಲಿಲ್ಲ. ಟೈಲರು ಪಕ್ಕದವನನ್ನು “ಏನಂದ್ರು?” ಎಂದು ಕೇಳಿದ.

“ನನಗೆ ಮರ ಗೊತ್ತಿಲ್ಲ ಸಾರ್. ಮೊದಲು ಎಲ್ಲ ತಪ್ಪು ತಪ್ಪಾಗಿ ಕಟ್ಟಿದ್ದೆ. ಕಂಬಕ್ಕೂ ಕಟ್ಟಿದ್ದೆ. ಗೊತ್ತಿರೋರು ಅಲ್ಲಿ ಸ್ಟೂಲ್ ಮೇಲೆ ಕೂತಿದಾರೆ. ನಮ್ಮ ಅತ್ತೆ. ಒಂದು ಸಲ ಅವರ ಮಾತು ಕೇಳಿ, ಆಮೇಲೆ ಬೇಕಾದ್ದು ಬರ್ಕೊಳಿ.”

ಅತ್ತೆ ಎದ್ದು ಬಂದರು. ಸೆರಗಿನ ಗಂಟು ಬಿಚ್ಚಿ ಎಂಜಿನಿಯರ ಅಂಗೈಗೆ ನಾಲ್ಕು ಬೀಜ ಹಾಕಿದರು. ಎಂಜಿನಿಯರು ಒಂದನ್ನು ಎತ್ತಿ ನೋಡಿ, ಗಟ್ಟಿಯಿದೆಯೇ ಎಂದು ಪರೀಕ್ಷಿಸಲು ಬಾಯಿಗಿಟ್ಟರು.

“ಕಚ್ಚಬೇಡಿಪ್ಪಾ,” ಎಂದರು ಅತ್ತೆ ಮೃದುವಾಗಿ. “ಅದು ಆಗಲೇ ಒಬ್ಬರ ಬಾಯಿಂದ ಬಂದಿದೆ.”

ಎಂಜಿನಿಯರು ಬೀಜವನ್ನು ಎಷ್ಟು ದೂರ ಉಗುಳಿದರೆಂದರೆ ಗುಮಾಸ್ತ ತಲೆ ತಗ್ಗಿಸಬೇಕಾಯಿತು. “ಸರಿಯಾಗಿ ಹಾಗೇ,” ಎಂದರು ಅತ್ತೆ. “ಜಿಂಕೆನೂ ಹಾಗೇ ಮಾಡತ್ತೆ. ಬನ್ನಿ, ತೋರಿಸ್ತೀನಿ. ಸದ್ದು ಮಾಡಬೇಡಿ.”

ಅತ್ತೆ ಮುಂದೆ, ಕೈಯಲ್ಲಿ ಬೂಟು ಹಿಡಿದುಕೊಂಡ ಎಂಜಿನಿಯರು ಹಿಂದೆ, ಅವರ ಹಿಂದೆ ಇಲಾಖೆ, ಅದರ ಹಿಂದೆ ಬೀದಿ. ಪೊದೆಯ ಸಂದಿನಲ್ಲಿ ಅತ್ತೆ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದರು.

ತಾರೆ ಮರದಾಚೆಯ ನೆರಳಿನಲ್ಲಿ ಏಳು ಜಿಂಕೆಗಳು ಮಲಗಿದ್ದವು. ಬಿಸಿಲಿನ ಚುಕ್ಕೆ ಯಾವುದು, ಮೈಮೇಲಿನ ಚುಕ್ಕೆ ಯಾವುದು ಎಂದು ಬೇರೆ ಮಾಡಲಾಗುತ್ತಿರಲಿಲ್ಲ. ಒಂದು ದೊಡ್ಡ ಹೆಣ್ಣು ಜಿಂಕೆ ಕಣ್ಣು ಅರೆಮುಚ್ಚಿ, ದವಡೆ ಓರೆಯಾಗಿ ಆಡಿಸುತ್ತ ಮೆಲುಕು ಹಾಕುತ್ತಿತ್ತು. ಊರಿನ ಜನ ಉಸಿರು ಬಿಗಿಹಿಡಿದು ನಿಂತರು. ದವಡೆ ನಿಂತಿತು. ತುಟಿ ಸ್ವಲ್ಪ ಮುಂದೆ ಬಂತು. ಟಪ್ ಎಂದು ಒಂದು ಬೀಜ ತರಗೆಲೆಯ ಮೇಲೆ ಬಿತ್ತು.

“ಉಗುಳ್ತು!” ಎಂದು ಪಿಸುಗುಟ್ಟಿದವರು ಎಂಜಿನಿಯರು. ಕಪ್ಪು ಕನ್ನಡಕ ತೆಗೆದಿದ್ದರು. “ನೋಡಿದ್ರಾ? ನಿಜವಾಗಿ ಉಗುಳ್ತು ಕಣ್ರೀ!”

“ಶ್,” ಎಂದರು ಅತ್ತೆ. “ಊಟದ ಹೊತ್ತು.”

ಯಾರೂ ಮಿಸುಕಲಿಲ್ಲ. ಮಾಸ್ತರರು ಜಿಂಕೆಯನ್ನು ಸ್ವಲ್ಪ ಹೊತ್ತು ನೋಡಿದರು, ಆಮೇಲೆ ಅತ್ತೆಯನ್ನು ನೋಡಿದರು. ಮೂರು ವರ್ಷ ಈ ಹೆಂಗಸು ತಮ್ಮ ಹಿತ್ತಲ ಬಾಗಿಲಲ್ಲಿ ಕುಳಿತಿದ್ದರು!

ಎಂಜಿನಿಯರು ರಸ್ತೆಗೆ ವಾಪಸು ಬಂದು ನಕ್ಷೆಯನ್ನು ಕಾರಿನ ಮೇಲೆ ಹರಡಿ, ಎಡಗಡೆಯ ಗೆರೆಯನ್ನು ರಬ್ಬರಿನಿಂದ ಅಳಿಸಿದರು. ಬಲಗಡೆ ಬರೀ ಬಯಲು, ರಸ್ತೆ ಅತ್ತ ಸರಿದರೆ ಯಾರ ಗಂಟೂ ಹೋಗುವುದಿಲ್ಲ ಎಂದು ಅವರಿಗೆ ಈಗ ಹೊಳೆದಿತ್ತು. ಅರವತ್ತೇಳಲ್ಲ, ಎಡಗಡೆಯ ಅಷ್ಟೂ ಮರಗಳು ಉಳಿದವು, ನೀಲಗಿರಿಗಳೂ ಉಳಿದವು.

ಮುಂದಿನ ವಾರ ರೇಂಜರ್ ಒಂದು ದೊಡ್ಡ ಬೋರ್ಡು ಬರೆಸಿದರು. ರಸ್ತೆಯ ಮೊದಲಿಗೆ ನಿಲ್ಲಿಸಲು. ‘ಈ ಮರಗಳು ಜಿಂಕೆಗಳ ಊಟದ ಮನೆ. ನಿಧಾನವಾಗಿ ಚಲಿಸಿ’ ಎಂದು ಮೇಲೆ. ಕೆಳಗೆ ‘ಗುರುತು ಹಿಡಿದವರು’ ಎಂದು ಬರೆದು ಜಾಗ ಬಿಡಲು ಹೇಳಿದ್ದರು. ಬೋರ್ಡು ಬಂದಾಗ ಆ ಜಾಗದಲ್ಲಿ ಇದುವರೆಗೆ ಮಾಸ್ತರರು ಬರೆದ ಎಲ್ಲ ಅಕ್ಷರಗಳಿಗಿಂತ ಅಂದವಾಗಿ ‘ನಮ್ಮ ಅತ್ತೆ’ ಎಂದಿತ್ತು.

“ಮಾಸ್ತರೇ, ಇದು ಇಲಾಖೆ ಬೋರ್ಡು ಕಣ್ರೀ,” ಎಂದರು ರೇಂಜರ್. “‘ನಮ್ಮ’ ಅಂದ್ರೆ ಓದಿದೋರಿಗೆಲ್ಲ ಅವರು ಅತ್ತೆ ಆಗ್ಬಿಡ್ತಾರೆ!”

“ಆಗ್ಲಿ ಬಿಡಿ ಸಾರ್.”

ಹಾಗೆಯೇ ಆಯಿತು. ಬಸ್ಸಿನ ಡ್ರೈವರು ಮನೆ ಮುಂದೆ ಬಸ್ಸು ನಿಧಾನ ಮಾಡಿ, “ಅತ್ತೆ, ಈ ಕಾಯಿ ಯಾವುದು ನೋಡಿ,” ಎಂದು ಕಿಟಕಿಯಿಂದ ಕೈ ಚಾಚುತ್ತಾನೆ. ಆಸ್ಪತ್ರೆಯಿಂದ ಬಂದ ಗಾರ್ಡು ವಾರಕ್ಕೊಮ್ಮೆ ಪಾಠಕ್ಕೆ ಬರುತ್ತಾನೆ. ಎಂಜಿನಿಯರು ಬೇರೆ ಊರಿನಿಂದ ಒಂದು ಎಲೆಯನ್ನು ಅಂಚೆಯಲ್ಲಿ ಕಳಿಸಿ, ‘ಪೂಜ್ಯ ಅತ್ತೆಯವರಿಗೆ’ ಎಂದು ಶುರು ಮಾಡಿ, ಇದನ್ನು ಕಡಿಯಬಹುದೇ ಎಂದು ಕೇಳಿದ್ದಾರೆ. ಬೇಡ ಎಂದು ಅತ್ತೆ ಹೇಳಿ ಬರೆಸಿದರು. ಮಾಸ್ತರರು ಒಂದಕ್ಷರ ಸೇರಿಸದೆ ಬರೆದುಕೊಟ್ಟರು.

“ಒಬ್ಬರು ಅಳಿಯಂದಿರನ್ನ ಸುಧಾರಿಸೋದರಲ್ಲೇ ನನಗೆ ಸಾಕಾಗಿತ್ತು,” ಎಂದರು ಅತ್ತೆ ಕಾಗದ ಮಡಚುತ್ತ. “ಈಗ ನೋಡಿ, ಸರ್ಕಾರದೋರೂ ಸೇರ್ಕೊಂಡ್ರು.”